ಅವ್ವನ ಮೊಣಕಾಲೂ ನನ್ನ ಗಾಡಿಯ ಎತ್ತರವೂ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಅಂಟಿಕೊಳ್ಳಲೇಬೇಕು ಎಂಬುದು ನನ್ನ ಅನುಭವ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಭಕ್ತಿ, ಇನ್ನು ಕೆಲವರಿಗೆ ಬೆಳಗಿನ ವಾಕಿಂಗು. ನಮ್ಮ ಸ್ಟಾಫ್ ರೂಮಿನಲ್ಲಿ ಈ ಮೂರೂ ಇರುವವರಿದ್ದಾರೆ, ಸುಖವಾಗಿಯೇ ಇದ್ದಾರೆ. ನನಗೆ ಮಾತ್ರ ಗಾಡಿ ಎತ್ತರಿಸುವ ಹುಚ್ಚು ಹಿಡಿಯಿತು. ಹುಚ್ಚು ಬಿಟ್ಟು ಈಗ ತಿಂಗಳಾಯಿತು, ಗಾಡಿ ಮಾತ್ರ ಎತ್ತರವಾಗಿಯೇ ಇದೆ. ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ. ಬಾಗಲಕೋಟೆಯ ನವನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಘರ್ಷಣೆಯ ಪಾಠ ಹೇಳುವ ವಿಜ್ಞಾನದ ಮೇಷ್ಟ್ರು ನಾನು. ಇದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಹುನಗುಂದದ ಹತ್ತಿರ ನಮ್ಮದೊಂದು ಎರೆ ಹೊಲವಿದೆ, ಕಪ್ಪು ಜಿಗುಟು ಮಣ್ಣಿನದು. ಅವ್ವನ ತವರುಮನೆ ಹಳೆ ಬಾಗಲಕೋಟೆಯಲ್ಲಿತ್ತು, ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಅವಳು ಹುಟ್ಟಿದ ಓಣಿ, ಕಲಿತ ಸಾಲೆ, ನೀರು ಸೇದಿದ ಬಾವಿ ಎಲ್ಲ ಹೋದವು. "ನೀರಾಗ ಹೋಗದ ಉಳದದ್ದು ಆ ಹೊಲ ಒಂದ" ಎನ್ನುತ್ತಾಳೆ. ಎಳ್ಳ ಅಮಾವಾಸ್ಯೆಯ ದಿನ ಅಲ್ಲಿ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಅವನ್ನೇ ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನು ಬೆಳೆಗೆಲ್ಲ ಎರಚಿ ಭೂಮಿತಾಯಿಗೆ ಉಣಿಸಿ ಬರುವುದು, ಅಂದರೆ ಚರಗ ಚೆಲ್ಲುವುದು, ಅವಳಿಗೆ ವರ್ಷದ ದೊಡ್ಡ ಹಬ್ಬ. ಮೊಣಕಾಲು ನೋವು ಶುರುವಾದ ಮೇಲೆ ಮೂರು ವರ್ಷ ಹೋಗಲಾಗಲಿಲ್ಲ. ಡಾಂಬರು ರಸ್ತೆ ಬಿಟ್ಟ ಮೇಲೆ ಎರಡು ಕಿಲೋಮೀಟರ್ ಎರೆಯ ದಾರಿ, ನಮ್ಮ ಸಣ್ಣ ಕಾರು ಅಲ್ಲಿ ಹೊಟ್ಟೆ ಕೆರೆದುಕೊಂಡು ನಿಲ್ಲುತ್ತಿತ್ತು. "ಈ ವರ್ಷ ನಿನ್ನ ಬನ್ನಿಗಿಡದ ಬುಡದಾಗ ಇಳಸ್ತೇನಿ, ನೋಡ್ತಿರು" ಎಂದು ಮಾತು ಕೊಟ್ಟೆ. ಅವ್ವ ಆ ಮಾತನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು.

ಕಾರು ಮಾರಿ ಹಳೆಯದೊಂದು ಪಿಕಪ್ ತಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನ್ನ ಮರ್ಯಾದೆಯೂ ಹೋಗುತ್ತಿರಲಿಲ್ಲ. ಆದರೆ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಮರುಭೂಮಿಯಲ್ಲಿ ಪಿಕಪ್ ಹಾರಿಸುವುದನ್ನು ನೋಡಿಬಿಟ್ಟೆ. ನೋಡಿದವನು ಸುಮ್ಮನಿರಲಿಲ್ಲ, ಇಳಕಲ್ಲಿಗೆ ಹೋದೆ. ಅಲ್ಲಿ ಕಲ್ಲಿನ ಕ್ವಾರಿ ಲಾರಿಗಳನ್ನು ರಿಪೇರಿ ಮಾಡುವ ದಾವಲಸಾಬ ಎಂಬ ಮೆಕ್ಯಾನಿಕ್ ಇದ್ದಾನೆ. ನಾನು ಬರೆದುಕೊಂಡು ಹೋದ ಪಟ್ಟಿಯನ್ನು ಅವನು ಎರಡೆರಡು ಸಲ ಓದಿದ. ಕಮಾನು ಪಟ್ಟಿ ಸೇರಿಸಿ ಗಾಡಿ ಎತ್ತರಿಸಬೇಕು, ದಪ್ಪ ಟೈರು ಹಾಕಬೇಕು, ಸಿಕ್ಕಿಬಿದ್ದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಲು ಮುಂದೆ ಉಕ್ಕಿನ ಹಗ್ಗದ ವಿಂಚು ಕೂಡಿಸಬೇಕು, ತುಂಬಿದ ಹಳ್ಳ ದಾಟುವಾಗ ಎಂಜಿನ್ನು ಉಸಿರಾಡಲು ಬಾನೆಟ್ಟಿನ ಪಕ್ಕದಿಂದ ಟಾಪಿನ ತನಕ ಒಂದು ಕೊಳವೆ ಏರಿಸಬೇಕು.

"ಸರ, ಇದು ಹಿಂದಿನ ಎರಡ ಗಾಲಿ ಎಳಿಯೂ ಗಾಡಿ. ಮುಂದಿನ್ವು ಸುಮ್ನ ತಿರಗತಾವ. ಎಷ್ಟ ಎತ್ತರ ಮಾಡಿದ್ರೂ ನಾಕ ಗಾಲಿ ಎಳಿಯೂದಿಲ್ರಿ."

"ಅದು ನನಗ ಗೊತ್ತೈತಿ ದಾವಲಸಾಬ. ನಾ ವಿಜ್ಞಾನದ ಮಾಸ್ತರ" ಎಂದೆ.

"ಹಂಗಾದ್ರ ಮುಗೀತ ಬಿಡ್ರಿ" ಎಂದು ಅವನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ. ಆಗ ಅದನ್ನು ಒಪ್ಪಿಗೆ ಎಂದುಕೊಂಡಿದ್ದೆ.

ಗಾಡಿ ಮನೆಗೆ ಬಂದಾಗ ಓಣಿಯೇ ನೆರೆಯಿತು. ಎದುರು ಮನೆಯ ನಿವೃತ್ತ ಗುಮಾಸ್ತರು ಕೊಳವೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿ, "ಒಳಗ ಒಲಿ ಐತೇನ್ರಿ ಸರ?" ಎಂದು ಕೇಳಿದರು. ನನ್ನ ಹೆಂಡತಿ ಶೈಲಾ ಒಂದೇ ಒಂದು ಪ್ರಶ್ನೆ ಕೇಳಿದಳು. "ಅವ್ವಾರು ಹೆಂಗ ಹತ್ತತಾರ್ರಿ?" ಹೆಂಗಸರಿಗೆ ಯಂತ್ರದ ವಿಷಯ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ಆ ಭಾನುವಾರ ಪರೀಕ್ಷೆಗೆಂದು ಕುಳಗೇರಿ ಕ್ರಾಸಿನ ಮೇಲಿಂದ ಬಾದಾಮಿಗೆ ಹೋಗಿ, ಕೆಂಪು ಬಂಡೆಗಳ ಸಂದಿಯ ಉಸುಕಿನ ದಾರಿಯಲ್ಲಿ ಓಡಿಸಿದೆ. ಸಲೀಸಾಗಿ ಓಡಿತು. ಚಹಾ ಕುಡಿದು ಬರುವಷ್ಟರಲ್ಲಿ ಒಂದು ದೊಡ್ಡ ಮಂಗ ಟಾಪಿನ ಮೇಲೆ ಕೂತು, ಕೊಳವೆಯ ಬಾಯಿಗೆ ಬಾಳೆಹಣ್ಣಿನ ಸಿಪ್ಪೆ ತುರುಕುತ್ತಿತ್ತು. ನನ್ನ ಗಾಡಿಯ ಆ ಕೊಳವೆಗೆ ಇವತ್ತಿನ ತನಕ ಯಾರಾದರೂ ಒಂದು ಉಪಯೋಗ ಕಂಡುಹಿಡಿದಿದ್ದರೆ ಅದು ಆ ಮಂಗವೇ.

ಅಮಾವಾಸ್ಯೆಯ ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಜೋರು ಮಳೆಯಾಯಿತು. ಓಣಿಯವರು ಲೊಚಗುಟ್ಟಿದರು, ನಾನು ಮಾತ್ರ ಒಳಗೊಳಗೇ ಖುಷಿಪಟ್ಟೆ. ಕೆಸರಿಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ಬೆಳಿಗ್ಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿ ಸೇರಿದವು. ಅವ್ವ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಮೂರು ವರ್ಷದ ಮೇಲೆ ಹೊಲಕ್ಕೆ ಹೊರಟವಳ ಸಂಭ್ರಮದಲ್ಲಿ ಗಾಡಿಯ ಹತ್ತಿರ ಬಂದಳು. ಬಾಗಿಲು ತೆಗೆದೆ. ಗಾಡಿಯೊಳಗಿನ ನೆಲ ಅವಳ ಸೊಂಟಕ್ಕೆ ಬಂತು.

ನೆಲದಿಂದ ಗಾಡಿಯ ಹೊಟ್ಟೆಗೆ ಎಷ್ಟಿದೆ ಎಂದು ಹತ್ತು ಸಲ ಟೇಪು ಹಿಡಿದು ಅಳೆದವನು ನಾನು. ಅವ್ವನ ಮೊಣಕಾಲು ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ಒಂದು ಸಲವೂ ಅಳೆದಿರಲಿಲ್ಲ. ಸ್ಟೂಲು ತಂದೆವು, ಸಾಲಲಿಲ್ಲ. ಗುಮಾಸ್ತರ ಮನೆಯ ಏಣಿ ತಂದೆವು. ಎರಡನೆಯ ಮೆಟ್ಟಿಲಿಗೆ ಅವ್ವನ ಕಾಲು ಮಡಚಲಿಲ್ಲ. ಒಂದು ಕೈ ನನ್ನ ತಲೆಯ ಮೇಲೆ, ಒಂದು ಕೈ ಬಾಗಿಲ ಮೇಲೆ ಇಟ್ಟು ಅವಳು ನಡುವೆ ನಿಂತುಬಿಟ್ಟಳು. ಓಣಿ ನೋಡುತ್ತಿತ್ತು. "ನನ್ನ ಇಳಸ್ರಿ" ಎಂದಳು. ಇಳಿದು ಸೆರಗು ಸರಿಮಾಡಿಕೊಂಡು, "ನೀವ ಹೋಗಿ ಬರ್ರಿ ತಮ್ಮಾ. ನಾ ಇಲ್ಲೇ ತುಳಸಿಗೆ ನಾಕ ಕಾಳ ಚೆಲ್ತೇನಿ" ಎಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಕ್ಕಿದ್ದು ಎದೆಗೆ ನಾಟಿತು.

ಶೈಲಾ ನನ್ನ ಮುಖ ನೋಡಲಿಲ್ಲ. "ಬುಟ್ಟಿ ಇಟ್ಕೊಂಡ ನೀವು ಮುಂದ ನಡೀರಿ. ಅವ್ವಾರನ್ನ ನಾ ಕರ್ಕೊಂಡ ಬರ್ತೇನಿ" ಎಂದಳು. ಬುಟ್ಟಿ ಹಿಂದೆ ಇಟ್ಟು ನಾನೊಬ್ಬನೇ ಗಾಡಿ ಹತ್ತಿದೆ.

ಹೊರಟೆ. ಡಾಂಬರು ರಸ್ತೆ ಬಿಟ್ಟು ಎರೆಯ ದಾರಿ ಹಿಡಿದೆ. ಗಾಡಿ ಓಲಾಡುತ್ತ, ಜಾರುತ್ತ, ಹೇಗೋ ನಮ್ಮ ಹೊಲದ ಬದು ದಾಟಿತು. ನಾನು ಹಾರ್ನ್ ಹೊಡೆದು ಸಂಭ್ರಮಿಸಿದೆ. ಆ ಹಾರ್ನೇ ಕೊನೆ. ದಪ್ಪ ಟೈರುಗಳು ದಪ್ಪಗೆ ಮಣ್ಣು ಮೆತ್ತಿಕೊಂಡು ಹೂರಣ ತುಂಬಿದ ಕಡುಬಿನ ಹಾಗಾದವು. ಹಿಂದಿನ ಗಾಲಿಗಳು ಗಿರ್ರನೆ ತಿರುಗಿದವು, ಗಾಡಿ ನಿಂತಲ್ಲೇ ಕುಸಿಯಿತು. ಅಷ್ಟು ಆಸೆಯಿಂದ ಎತ್ತರಿಸಿದ್ದನ್ನೆಲ್ಲ ಎರೆಮಣ್ಣು ಹತ್ತು ನಿಮಿಷದಲ್ಲಿ ಇಳಿಸಿತು. ಈಗಾದರೆ ಅವ್ವ ಆರಾಮಾಗಿ ಹತ್ತಬಹುದಿತ್ತು.

ಹೆದರಲಿಲ್ಲ, ನನ್ನ ಬಳಿ ವಿಂಚು ಇತ್ತು. ಅದರ ಹಗ್ಗ ಕಟ್ಟಲು ಗಟ್ಟಿಯಾದದ್ದು ಏನಾದರೂ ಬೇಕು. ಕಣ್ಣು ಹರಿಯುವ ತನಕ ಜೋಳ, ಕಡಲೆ. ಹಗ್ಗ ಮುಟ್ಟುವ ಅಳತೆಯಲ್ಲಿ ಇದ್ದದ್ದು ಒಂದೇ ಗಿಡ. ಅದು ಬನ್ನಿಗಿಡ. ಮೊಣಕಾಲ ತನಕ ಕೆಸರಿನಲ್ಲಿ ಹೋಗಿ ಅದರ ಬೊಡ್ಡೆಗೆ ಉಕ್ಕಿನ ಹಗ್ಗ ಸುತ್ತುತ್ತಿದ್ದಾಗ ಹಿಂದಿನಿಂದ ಗೆಜ್ಜೆಯ ಸದ್ದು ಕೇಳಿತು.

ಪಕ್ಕದ ಹೊಲದ ಯಮನಪ್ಪನ ಎತ್ತಿನ ಚಕ್ಕಡಿ. ಅದರಲ್ಲಿ ಗಾದಿಯ ಮೇಲೆ ಕಾಲು ಚಾಚಿ ಅವ್ವ, ಪಕ್ಕದಲ್ಲಿ ಶೈಲಾ. ಗುಮಾಸ್ತರ ಕಾರಿನಲ್ಲಿ ಡಾಂಬರು ರಸ್ತೆಯ ಕೊನೆಗೆ ಬಂದು, ಶೈಲಾ ಫೋನ್ ಮಾಡಿ ಕರೆಸಿದ್ದ ಚಕ್ಕಡಿಯ ಹಿಂದಿನ ಅಂಚಿಗೆ ಕೂತು ಅವ್ವ ಹಿಂದಕ್ಕೆ ಜರುಗಿದಳಂತೆ. ಅಷ್ಟೇ.

"ಲೇ ತಮ್ಮಾ! ಪಾಂಡವರನ್ನ ಕೂಡ್ಸೂ ಗಿಡಕ್ಕ ಉರಲ ಹಾಕ್ತೀಯೇನೋ? ಬಿಚ್ಚ ಮೊದ್ಲ!"

ಬಿಚ್ಚಿದೆ. ಯಮನಪ್ಪನ ಎತ್ತುಗಳ ಕಡೆ ಆಸೆಯಿಂದ ನೋಡಿದೆ. ಅವನಿಗೆ ತಿಳಿಯಿತು. "ಅಮಾಸಿ ದಿನ ಎತ್ತಿಗೆ ಗಳೇ ಹೂಡೂ ಕೆಲಸ ಹಚ್ಚೂದಿಲ್ರಿ ಮಾಸ್ತರ. ಜನಾ ಕರ್ಕೊಂಡ ಬರೂದು ಬ್ಯಾರೆ, ಇದನ್ನ ಜಗ್ಗೂದು ಬ್ಯಾರೆ. ಮಣ್ಣ ಆರ್ಲಿ, ನಾಕ ದಿನ ಬಿಟ್ಟ ನೋಡೂಣು" ಎಂದ. ಬುಟ್ಟಿ ಇಳಿಸಿಕೊಂಡರು.

ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆಯಾಯಿತು. ಪಕ್ಕದ ಹೊಲದಿಂದ ಬಂದ ಯಮನಪ್ಪನ ಹೆಂಡತಿಯ ಭುಜ ಹಿಡಿದು, ಗಟ್ಟಿ ನೆಲ ನೋಡಿಕೊಂಡು ಹೆಜ್ಜೆ ಇಡುತ್ತ ಅವ್ವ ಚರಗಕ್ಕೆ ಹೊರಟಳು. ಅವಳು ಎರಚುವುದು, ಶೈಲಾ ತಂಬಿಗೆಯಿಂದ ಹಿಂದೆ ನೀರು ಚಿಮುಕಿಸುವುದು, ಯಮನಪ್ಪನ ಹೆಂಡತಿ ಚರಗದ ಪದ್ಧತಿಯಂತೆ "ಹುಲ್ಲುಲ್ಲಿಗೋ" ಎಂದು ಕೂಗುವುದು. ಅವ್ವನ ಮುಖ ಮೂರು ವರ್ಷ ಹಿಂದಕ್ಕೆ ಹೋಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಸಂತೋಷದಲ್ಲಿ ನನ್ನದು ಒಂದು ನಟ್ಟು, ಒಂದು ಬೋಲ್ಟು ಸಹ ಇರಲಿಲ್ಲ. ನಾನು ಬರೀ ಸುಮ್ಮನೆ ಇದ್ದಿದ್ದರೆ ಅವ್ವ ಇಲ್ಲಿಗೆ ಇಷ್ಟೇ ಸುಲಭವಾಗಿ ಬರುತ್ತಿದ್ದಳು. ಮೂರು ವರ್ಷದ ಹಿಂದೆಯೇ ಬರುತ್ತಿದ್ದಳು. ಚಕ್ಕಡಿ ಆಗಲೂ ಇತ್ತು.

ಜೋಳಕ್ಕೆ ಚೆಲ್ಲಿದಳು, ಕಡಲೆಗೆ ಚೆಲ್ಲಿದಳು, ಬದುವಿಗೆ ಚೆಲ್ಲಿದಳು. ಗಾಡಿಯ ಮುಂದೆ ಬಂದು ನಿಂತು ಅದನ್ನೊಮ್ಮೆ ದಿಟ್ಟಿಸಿ, ಬಾನೆಟ್ಟಿನ ಮೇಲೆ ಒಂದು ಹಿಡಿ ಚೆಲ್ಲಿದಳು.

"ಅವ್ವಾ, ಅದಕ್ಯಾಕ?"

"ಹೊಲದಾಗ ಊರಿ ನಿಂತದ್ದನ್ನ ಯಾವ್ದನ್ನೂ ಉಪಾಸ ಬಿಡಬಾರದು ತಮ್ಮಾ."

ಆಮೇಲೆ ಗಾಡಿಯ ಪಕ್ಕ ಮೊಣಕಾಲ ತನಕ ಕೆಸರಿನಲ್ಲಿ ಹೂತು ನಿಂತಿದ್ದ ನನ್ನನ್ನು ನೋಡಿದಳು. ಬುಟ್ಟಿಗೆ ಕೈ ಹಾಕಿ ನನ್ನ ಕಾಲ ಬುಡಕ್ಕೂ ಒಂದು ಹಿಡಿ ಹಾಕಿದಳು. ಹಿಂದೆಯೇ ಬಂದ ಶೈಲಾ, ಪದ್ಧತಿ ತಪ್ಪಬಾರದೆಂದು, ಅದೇ ಜಾಗಕ್ಕೆ ತಂಬಿಗೆಯಿಂದ ನೀರು ಚಿಮುಕಿಸಿ ಮುಂದೆ ಹೋದಳು.