ಅಟ್ಟದ ಮೇಲೊಂದು ಭಾನುವಾರ

ಮನೆ ಸ್ವಚ್ಛ ಮಾಡುವುದು ದಂಡಯಾತ್ರೆಯಲ್ಲ, ಅದೊಂದು ಶಾಸ್ತ್ರ! ಹಾಗೆಂದು ನಾನು ಸೋಮವಾರ ಬೆಳಗಿನ ಕಾಫಿ ಹೀರುತ್ತಾ ಘೋಷಿಸಿದೆ. ಭಾನುವಾರ ಸಂಜೆ ಅಕ್ಕನ ಮನೆಯಿಂದ ಅಮ್ಮ ಬರುವವಳಿದ್ದಳು. ಅಮ್ಮನ ಕಣ್ಣಿಗೆ ಧೂಳು ಬಿದ್ದರೆ ಅವಳು ಉಜ್ಜುವುದು ಕಣ್ಣನ್ನಲ್ಲ, ನಮ್ಮನ್ನು!

"ಮೈಯಲ್ಲಿ ಕಸುವಿದ್ದಾಗ ದೊಡ್ಡ ಕೆಲಸ, ಇಲ್ಲದಾಗ ಚಿಕ್ಕ ಕೆಲಸ. ದಿನಾ ಸ್ವಲ್ಪ ಸ್ವಲ್ಪ. ಭಾನುವಾರ ನಾವಿಬ್ರೂ ಕಾಲು ಚಾಚಿ ಕೂತಿರ್ತೀವಿ, ನೋಡ್ತಿರು," ಎಂದೆ.

"ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡೋದೂ ನೀವೇ ತಾನೆ?" ಎಂದಳು ನನ್ನಾಕೆ.

"ಮತ್ತೆ!" ಎಂದು ಎದೆಯುಬ್ಬಿಸಿದೆ.

"ಅದಕ್ಕೇ ನಾನು ಸ್ಕೂಲಿಗೆ ನಡ್ಕೊಂಡು ಹೋಗೋದು."

ಸೋಮವಾರ ಕಸುವಿತ್ತು, ಸಮಯವಿರಲಿಲ್ಲ. ಮಂಗಳವಾರ ಸಮಯವಿತ್ತು, ಕಸುವಿರಲಿಲ್ಲ. ಬುಧವಾರ ಎರಡೂ ಇದ್ದವು, ಪಾಪ, ಮನಸ್ಸೇ ಇರಲಿಲ್ಲ! ಆಮೇಲಿನ ದಿನಗಳಲ್ಲಿ ಭಾನುವಾರಕ್ಕೆಂದು ಶಕ್ತಿಯನ್ನು ಕೂಡಿಡುತ್ತ ಮಲಗಿದೆ. ಭಾನುವಾರ ಎದ್ದು ನೋಡಿದರೆ ಇಡೀ ವಾರದ ಕೆಲಸ ಹಾಸಿಗೆಯ ಪಕ್ಕದಲ್ಲೇ ಕ್ಯೂ ನಿಂತಿತ್ತು.

ಬೆಳಗಿನ ಹುರುಪಿಗೆ ತಕ್ಕ ಕೆಲಸವೆಂದು ಏಣಿ ಹಾಕಿ ಅಟ್ಟ ಹತ್ತಿದೆ. ಅಲ್ಲಿದ್ದ ಡಬ್ಬ, ಚೀಲ, ಮುರಿದ ಕುರ್ಚಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ ನಡುಮನೆ ತುಂಬಿಸಿದೆ. ಕಟ್ಟಕಡೆಗೆ ಮೂಲೆಯಲ್ಲಿ ಕೈಗೆ ಸಿಕ್ಕಿದ್ದು ಒಂದು ಸೀಮೆಎಣ್ಣೆ ಸ್ಟೌ.

"ಲೇ, ಇದು ನಮ್ಮ ಮೊದಲ ಬಾಡಿಗೆ ಕೋಣೇದು ಕಣೇ!"

"ಇನ್ನೂ ಇದ್ಯಾ? ಇರಿ, ಬಂದೆ!" ಎಂದವಳು ಕೈಯ ಪೊರಕೆ ಎಸೆದು ಸರಸರನೆ ಹತ್ತಿಬಂದಳು.

ಧೂಳಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆವು. ಆ ಕೋಣೆ ಎಷ್ಟು ಚಿಕ್ಕದೆಂದರೆ ಒಬ್ಬರು ಗುಡಿಸುವಾಗ ಇನ್ನೊಬ್ಬರು ಹೊರಗೆ ನಿಲ್ಲಬೇಕಿತ್ತು.

"ಗುಡಿಸೋದು ಯಾವಾಗ್ಲೂ ನಾನು, ನಿಲ್ಲೋದು ನೀವು," ಎಂದಳು.

"ಸುಮ್ನೆ ನಿಲ್ತಿದ್ನಾ? ಕಿಟಕಿಯಿಂದ ನಿಂಗೆ ಹಾಡು ಹೇಳ್ತಿದ್ನಲ್ಲ!"

"ಅದಕ್ಕೇ ಬೇಗಬೇಗ ಗುಡಿಸಿ ಮುಗಿಸ್ತಿದ್ದೆ."

ಸ್ಟೌವಿನ ಬತ್ತಿಯನ್ನು ಬೆರಳಲ್ಲಿ ತಿರುಗಿಸುತ್ತ ಅವಳು ನಕ್ಕಳು. ಆ ನಗು ಒಂದಿಷ್ಟೂ ಹಳತಾಗಿರಲಿಲ್ಲ. ನಾನು ಖುಷಿಯಲ್ಲಿ ಕಾಲು ಚಾಚಿದೆ. ಧಡಾರ್! ಏಣಿ ಅಟ್ಟಹಾಸ ಮಾಡುತ್ತ ನೆಲ ಸೇರಿತು.

"ಹತ್ತಿದ ಏಣೀನೇ ಒದೆಯೋರು ಇರ್ತಾರೆ ಅಂತ ಕೇಳಿದ್ದೆ," ಎಂದಳು. "ಇವತ್ತು ಕಣ್ಣಾರೆ ಕಂಡೆ."

ಕೂಗಿದೆವು. ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲು ಕಿರ್ರೆಂದಿತು. ಕೈಯಲ್ಲಿ ಚೀಲ ಹಿಡಿದು ಅಮ್ಮ!

"ಸಂಜೆ ಬಸ್ಸು ರದ್ದಾಯ್ತಂತೆ, ಬೆಳಗಿನದಕ್ಕೇ ಬಂದೆ. ಯಾವ ಪುಣ್ಯಾತ್ಮನಪ್ಪ ಆ ವೇಳಾಪಟ್ಟಿ ಮಾಡೋನು?" ಎನ್ನುತ್ತಲೇ ಒಳಗೆ ಕಾಲಿಟ್ಟವಳು ಸಾಮಾನುಗಳ ಬೆಟ್ಟ ನೋಡಿ ನಿಂತಳು. ಆಮೇಲೆ ತಲೆಯೆತ್ತಿದಳು. ಬೆಟ್ಟದ ಮೇಲೆ ಮಸಿ ಬಳಿದುಕೊಂಡ ಮಗ, ಸೊಸೆ.

"ಅಮ್ಮಾ, ಏಣಿ ಎತ್ತಿಕೊಡು."

"ಅಲ್ಲೇ ಕೂತಿರಿ. ಕೆಳಗೆ ಬಂದ್ರೆ ಕಾಲಿಗೆ ಅಡ್ಡ ಸಿಗ್ತೀರಿ."

"ಅಯ್ಯೋ ಅತ್ತೆ, ನೀವ್ಯಾಕೆ? ನಾನು ಮಾಡ್ತೀನಿ!"

ಅಮ್ಮ ಕೇಳಿಸಿಕೊಳ್ಳಲಿಲ್ಲ. ಒಂದಷ್ಟು ಸಾಮಾನು ಹಿತ್ತಲಿಗೆ ಸಾಗಿಸಿದಳು, ಕೂತು ನೀರು ಕುಡಿದಳು. ಒಂದಷ್ಟು ನೆಲ ಒರೆಸಿದಳು, ಮಂಡಿ ನೀವಿಕೊಂಡಳು. ಮತ್ತೆ ಎದ್ದಳು. ಅವಸರವೇ ಇಲ್ಲ. ನಾವು ಚಿಕ್ಕವರಿದ್ದಾಗ ಅವಳು ನೆಲ ತೊಳೆಯುವ ಮೊದಲು ನನ್ನನ್ನೂ ಅಕ್ಕನನ್ನೂ ಎತ್ತಿ ದೊಡ್ಡ ಮೇಜಿನ ಮೇಲೆ ಕೂರಿಸುತ್ತಿದ್ದಳು. ಒದ್ದೆ ನೆಲವೇ ನಮಗೆ ಸಮುದ್ರ, ಮೇಜೇ ಹಡಗು. ನೆಲ ಒಣಗದಿದ್ದರೆ ಸಾಕಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆವು. ಇದನ್ನು ಹೇಳುತ್ತ ಕೆಳಗಿದ್ದ ಅಮ್ಮನನ್ನೇ ನೋಡಿದೆ. ನನ್ನಾಕೆ ಮೆಲ್ಲಗೆ ನನ್ನ ಕೈ ಹಿಡಿದುಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ನೆಲ ಕನ್ನಡಿಯಾಗಿತ್ತು. ಅಮ್ಮ ಏಣಿ ಆನಿಸಿ ಹಿಡಿದಳು. ಸೊಸೆ ಸೆರಗಿನಿಂದ ಅಂಗಾಲು ಒರೆಸಿಕೊಂಡು ಇಳಿದಳು. ಆಮೇಲೆ ಗತ್ತಿನಿಂದ ನಾನು. ಕೊನೆಯ ಮೆಟ್ಟಿಲಿಂದ ಕಾಲು ಇನ್ನೇನು ನೆಲಕ್ಕೆ ತಾಗಬೇಕು, ಅಷ್ಟರಲ್ಲಿ ಅಮ್ಮ ಗುಡುಗಿದಳು.

"ಏಯ್! ಆ ಕರಿ ಕಾಲನ್ನ ನನ್ನ ನೆಲದ ಮೇಲೆ ಇಡ್ತೀಯಾ? ಹತ್ತು ಮೇಲಕ್ಕೆ!"

ಡಿಪೋದ ಡ್ರೈವರುಗಳೆಲ್ಲ ಎದ್ದು ನಿಂತು ನಮಸ್ಕರಿಸುವ, ಮೀಸೆ ನರೆತ ನಾನು, ಕಾಲು ಮೇಲಕ್ಕೆಳೆದುಕೊಂಡು ಮತ್ತೆ ಅಟ್ಟ ಹತ್ತಿದೆ!