ಪಂಚಿಂಗ್ ಮೆಷಿನ್ನಿಗೆ ಕುಂಕುಮವಿಟ್ಟ ಪ್ರಸಂಗ

ಕೆಲಸಕ್ಕೆ ಸೇರಿದ ಮೇಲೆ ಅಟೆಂಡೆನ್ಸ್ ಶಾರ್ಟೇಜ್ ಎಂಬ ಪದ ನನ್ನ ಬಾಳಿನಿಂದ ಶಾಶ್ವತವಾಗಿ ತೊಲಗುತ್ತದೆ ಎಂದು ನಾನು ಮನಸಾರೆ ನಂಬಿದ್ದೆ.

ಬಿ.ಕಾಂ. ಓದುವಾಗ ಪ್ರತಿ ಸೆಮಿಸ್ಟರಿನ ಕೊನೆಗೂ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ತಪ್ಪದೆ ಬರುತ್ತಿತ್ತು. ರ‍್ಯಾಂಕ್ ಬಂದವರ ಸಾಲಿನಲ್ಲಲ್ಲ, ಶಾರ್ಟೇಜ್ ಆದವರ ಸಾಲಿನಲ್ಲಿ. ನಾನು ಕಲ್ಚರಲ್ ಸೆಕ್ರೆಟರಿಯಾಗಿದ್ದೆ. ಸ್ಟೇಜಿಗೆ ಬಣ್ಣದ ಬಟ್ಟೆ ಕಟ್ಟುವುದು, ರಂಗೋಲಿ ಹಾಕಿಸುವುದು, ಮೈಕಿಗಾಗಿ ಜಗಳವಾಡುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಪ್ರತಿ ಸಲವೂ ಅಮ್ಮ ಬಂದು ಎಚ್‌ಓಡಿ ಮುಂದೆ ನಿಂತು, "ಈ ಸಲ ಒಂದು ಕ್ಷಮಿಸಿ ಸಾರ್, ಮುಂದಿನ ಸೆಮಿಸ್ಟರ್ ನಾನೇ ಕಳಿಸ್ತೀನಿ" ಎಂದು ಬೇಡಿಕೊಳ್ಳುತ್ತಿದ್ದಳು. ಅಮ್ಮ ಪದ್ಮನಾಭನಗರದ ನಮ್ಮ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ. ಇಡೀ ಬೀದಿಗೆ ಅವಳು ಟ್ಯೂಷನ್ ಮಿಸ್. ಪರರ ಮಕ್ಕಳನ್ನೆಲ್ಲ ದಾರಿಗೆ ತರುವ ಮಿಸ್ಸಿನ ಸ್ವಂತ ಮಗಳು ಕ್ಲಾಸಿಗೇ ಹೋಗುವುದಿಲ್ಲ ಎಂದರೆ ಅವಳಿಗೆ ತಲೆ ಎತ್ತಿ ತಿರುಗಾಡುವುದು ಕಷ್ಟವಾಗಿತ್ತು.

ಹೀಗಿರುವಾಗ ಜೆ.ಪಿ. ನಗರದಲ್ಲಿ ನಲ್ಲಿ, ಶವರ್, ವಾಷ್ ಬೇಸಿನ್ ಮಾರುವ ಕಂಪನಿಯ ಬ್ರಾಂಚಿನಲ್ಲಿ ನನಗೆ ಅಕೌಂಟ್ಸ್ ಕೆಲಸ ಸಿಕ್ಕಿತು. ಮೊದಲು ಪ್ರೊಬೇಷನ್, ದೀಪಾವಳಿ ಕಳೆದ ಮೇಲೆ ಪರ್ಮನೆಂಟ್ ಎಂದರು. ಅಮ್ಮ ಇದರಲ್ಲಿ ಪ್ರೊಬೇಷನ್ ಎಂಬ ಭಾಗವನ್ನು ಬಿಟ್ಟು ಉಳಿದದ್ದನ್ನು ಟ್ಯೂಷನ್ ಮಕ್ಕಳ ತಾಯಂದಿರಿಗೆಲ್ಲ ಹೇಳಿಬಿಟ್ಟಳು. ಹಾಗಾಗಿ ನಾನು ಪರ್ಮನೆಂಟ್ ಆಗಲೇಬೇಕಿತ್ತು. ನನ್ನ ಸಲುವಾಗಿ ಅಲ್ಲದಿದ್ದರೂ ನಮ್ಮ ಬೀದಿಯ ಸಲುವಾಗಿ.

ಮೊದಲ ಕೆಲವು ದಿನ ಕಾಲೇಜು ಮೈಯಿಂದ ಇಳಿದಿರಲಿಲ್ಲ. ಮ್ಯಾನೇಜರ್ ಗುರುಪ್ರಸಾದ್ ಸಾರ್ ಒಳಗೆ ಬಂದಾಗಲೆಲ್ಲ ನಾನು ಎದ್ದು ನಿಂತು "ಗುಡ್ ಮಾರ್ನಿಂಗ್ ಸಾರ್" ಎಂದು ರಾಗವಾಗಿ ಹೇಳುತ್ತಿದ್ದೆ. ಅವರು ಬಾತ್‌ರೂಮಿಗೆ ಹೋಗಿ ಬಂದಾಗಲೂ ಹೇಳುತ್ತಿದ್ದೆ. ಪಕ್ಕದ ಟೇಬಲ್ಲಿನ ಸೇಲ್ಸ್ ನವೀನ ಒಂದು ದಿನ ಮೆಲ್ಲಗೆ, "ಕೂತ್ಕೊಳ್ಳಿ ಮೇಡಂ, ಅವರು ಪಾಠ ಏನೂ ಮಾಡಲ್ಲ" ಎಂದ.

ಆಫೀಸಿನಲ್ಲಿ ನನಗೆ ತುಂಬ ಹಿಡಿಸಿದ್ದು ಬಾಗಿಲ ಪಕ್ಕದ ಪಂಚಿಂಗ್ ಮೆಷಿನ್. ಬೆಳಿಗ್ಗೆ ಬಂದು ಬೆರಳಿಟ್ಟರೆ ಸಾಕು, ಒಳಗಿನಿಂದ ಒಬ್ಬ ಹೆಂಗಸು ಇಂಪಾಗಿ "ಥ್ಯಾಂಕ್ ಯೂ" ಎನ್ನುತ್ತಿದ್ದಳು. ಬಂದದ್ದಕ್ಕೆ ಬೈಗುಳದ ಬದಲು ಥ್ಯಾಂಕ್ಸ್! ಇಂಥ ಮರ್ಯಾದೆ ನನಗೆ ಯಾವ ಕ್ಲಾಸಿನ ಬಾಗಿಲಲ್ಲೂ ಸಿಕ್ಕಿರಲಿಲ್ಲ. ಒಂದು ದಿನವೂ ತಪ್ಪಿಸದೆ ಹೋದೆ.

ಆಯುಧಪೂಜೆ ಹತ್ತಿರ ಬಂತು. ಗುರುಪ್ರಸಾದ್ ಸಾರ್ ನನ್ನನ್ನು ಕರೆದರು.

"ಸಹನಾ, ನೀವು ಕಾಲೇಜಲ್ಲಿ ಕಲ್ಚರಲ್ ಸೆಕ್ರೆಟರಿ ಆಗಿದ್ರಂತಲ್ಲ? ಆಫೀಸ್ ಪೂಜೆ ನೀವೇ ನೋಡ್ಕೊಳ್ಳಿ."

"ನನಗೆ ಬಿಡಿ ಸಾರ್. ಎಲ್ಲರೂ ನೆನಪಿಟ್ಕೋಬೇಕು, ಹಾಗ್ ಮಾಡ್ತೀನಿ" ಎಂದೆ. ಈ ಒಂದು ಮಾತನ್ನು ಮಾತ್ರ ನಾನು ಅಕ್ಷರಶಃ ಉಳಿಸಿಕೊಂಡೆ.

ಪ್ರಿಂಟರಿನ ಎರಡೂ ಬದಿಗೆ ಬಾಳೆಕಂದು ಕಟ್ಟಿದೆ. ಬಾಗಿಲಿಗೆ ಮಾವಿನ ತೋರಣ, ಕಂಪ್ಯೂಟರುಗಳಿಗೆ ಸೇವಂತಿಗೆ ಹಾರ, ಸಾರ್ ಕಾರಿನ ಚಕ್ರಗಳಿಗೆ ನಿಂಬೆಹಣ್ಣು. ಶೋರೂಮಿನ ಶವರ್‌ಗಳಿಗೂ ಒಂದೊಂದು ಹೂ ಸಿಕ್ಕಿಸಿದೆ. ಎಲ್ಲ ಮುಗಿದ ಮೇಲೆ ನೋಡುತ್ತೇನೆ, ಪಂಚಿಂಗ್ ಮೆಷಿನ್ನಿಗೆ ಯಾರೂ ಒಂದು ಎಸಳು ಹೂವನ್ನೂ ಇಟ್ಟಿಲ್ಲ! ದಿನಾ ಬೆಳಿಗ್ಗೆ ಮ್ಯಾನೇಜರ್ ಆದಿಯಾಗಿ ಎಲ್ಲರೂ ಮುಟ್ಟಿ ಒಳಗೆ ಹೋಗುವ ಯಂತ್ರ ಅದು. ನಿಜವಾಗಿ ಆಫೀಸಿನ ಮನೆದೇವರು.

ಗಂಧ ಕಲಸಿಕೊಂಡು ಹಣೆ ಎಲ್ಲಿದೆ ಎಂದು ಹುಡುಕಿದೆ. ಹಣೆಯ ಹಾಗೆ ಕಂಡದ್ದು ಬೆರಳಿಡುವ ಗಾಜು ಒಂದೇ. ಅದಕ್ಕೆ ದಪ್ಪಗೆ ಗಂಧ ಬಳಿದು, ಮಧ್ಯದಲ್ಲಿ ಒದ್ದೆ ಕುಂಕುಮವಿಟ್ಟು, ಮಂಗಳಾರತಿ ಎತ್ತಿದೆ. ಗುರುಪ್ರಸಾದ್ ಸಾರ್ ಕೂಡ ಕಣ್ಣಿಗೊತ್ತಿಕೊಂಡರು. ಆಮೇಲೆ ಎಲ್ಲರೂ ಪುರಿ, ಕಡಲೆ, ಸಿಹಿ ತಿಂದು ಹಬ್ಬದ ರಜೆಗೆ ಮನೆಗೆ ಹೋದೆವು.

ರಜೆ ಮುಗಿಸಿ ಬಂದರೆ ಬಾಗಿಲಲ್ಲಿ ರೇಷನ್ ಅಂಗಡಿಯ ಮುಂದಿರುವಂತೆ ಕ್ಯೂ. ಗಂಧ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಯಾರು ಬೆರಳಿಟ್ಟರೂ ಒಳಗಿನ ಹೆಂಗಸು "ಪ್ಲೀಸ್ ಟ್ರೈ ಎಗೇನ್" ಎನ್ನುತ್ತಿದ್ದಳು. ಬ್ರಾಂಚಿಗೆಲ್ಲ ಹಿರಿಯರಾದ ಎಚ್‌ಆರ್ ರೇಖಾ ಮೇಡಂ ಬೆರಳು ಕೆಂಪಾಗುವವರೆಗೆ ಒತ್ತಿ, "ಇದಕ್ಕೆ ಕುಂಕುಮ ಇಟ್ಟೋರು ಯಾರು?" ಎಂದರು. ಎಲ್ಲರೂ ನನ್ನನ್ನು ನೋಡಿದರು. ಇಂಥ ವಿಷಯದಲ್ಲಿ ಆಫೀಸಿನ ಒಗ್ಗಟ್ಟು ಮೆಚ್ಚುವಂಥದ್ದು.

"ಎರಡೇ ನಿಮಿಷ ಮೇಡಂ, ಒರೆಸಿಬಿಡ್ತೀನಿ" ಎಂದೆ.

ಮೊದಲು ಉಗುರಿನಿಂದ ಕೆರೆದೆ. ಬಗ್ಗಲಿಲ್ಲ. ಒದ್ದೆ ಬಟ್ಟೆಯಿಂದ ತಿಕ್ಕಿದೆ. ಕುಂಕುಮ ಕರಗಿ ಸಂದಿಯೊಳಗೆ ಇಳಿಯಿತು. ನವೀನ, "ನೇಲ್ ಪಾಲಿಷ್ ರಿಮೂವರ್ ಹಾಕಿ ಮೇಡಂ, ಏನಿದ್ರೂ ಹೋಗತ್ತೆ" ಎಂದ. ಹಾಕಿದೆ. ಗಂಧ ಹೋಯಿತು, ಕುಂಕುಮ ಹೋಯಿತು, ಜೊತೆಗೆ ಗಾಜಿನ ಹೊಳಪೂ ಹೋಗಿ ಅದು ಮುದುಕರ ಪೊರೆ ಬಂದ ಕಣ್ಣಿನಂತಾಯಿತು. ಆದರೂ ಬೆರಳಿಟ್ಟೆ.

"ಥ್ಯಾಂಕ್ ಯೂ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೆರಳು ತೆಗೆದೆ. "ಥ್ಯಾಂಕ್ ಯೂ." ಯಾರೂ ಮುಟ್ಟಿರಲಿಲ್ಲ. "ಥ್ಯಾಂಕ್ ಯೂ, ಥ್ಯಾಂಕ್ ಯೂ." ಮಧ್ಯಾಹ್ನದವರೆಗೆ ಅದು ಗಾಳಿಗೂ, ನೊಣಕ್ಕೂ, ಕೊರಿಯರ್ ಕೊಡಲು ಬಂದವನಿಗೂ ಕೃತಜ್ಞತೆ ಸಲ್ಲಿಸಿ, ಊಟದ ಹೊತ್ತಿಗೆ ಕೊನೆಯ ಬಾರಿ "ಥ್ಯಾಂ" ಎಂದು ಕಣ್ಣು ಮುಚ್ಚಿತು.

ಗುರುಪ್ರಸಾದ್ ಸಾರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಸ ಮೆಷಿನ್ ಮುಂಬೈ ಹೆಡ್ ಆಫೀಸಿಂದ ಬರಬೇಕು. ಅಲ್ಲಿವರೆಗೂ ದಿನಾ ಅಟೆಂಡೆನ್ಸ್ ನೀವೇ ತಗೊಂಡು ಸಿಸ್ಟಮ್‌ಗೆ ಹಾಕಿ" ಎಂದರು.

ಅಂದರೆ ಮೆಷಿನ್ನಿನ ಜಾಗಕ್ಕೆ ನಾನು ನೇಮಕವಾದೆ.

ಮಾರನೇ ದಿನದಿಂದ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಸರು ಕೂಗತೊಡಗಿದೆ. ಮೊದಲು ನಾಚಿಕೆಯಾಯಿತು. ಎರಡನೆಯ ದಿನ ಅಷ್ಟಾಗಿ ಆಗಲಿಲ್ಲ. ಆಮೇಲೆ ಸತ್ಯ ಹೇಳಬೇಕೆಂದರೆ ಖುಷಿಯಾಗತೊಡಗಿತು! ಮೈಯಲ್ಲಿ ಅಮ್ಮನ ರಕ್ತ ಹರಿಯುತ್ತಿರುವುದು ಆಗಲೇ ಗೊತ್ತಾದದ್ದು. ತಲೆ ನರೆತವರೂ "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದರು. ರೇಖಾ ಮೇಡಂ ಫೋನಿನಲ್ಲಿದ್ದರೆ ಕೈ ಎತ್ತುತ್ತಿದ್ದರು. "ಬಾಯಲ್ಲಿ ಹೇಳಿ ಮೇಡಂ" ಎನ್ನುತ್ತಿದ್ದೆ.

ಒಂದು ದಿನ ಸ್ಟೋರ್ಸಿನ ಶಶಿಯ ಹೆಸರು ಕೂಗಿದೆ. ಹಿಂದಿನಿಂದ ಗಂಟಲು ಕಟ್ಟಿದ ದನಿಯಲ್ಲಿ "ಪ್ರೆಸೆಂಟ್" ಎಂದು ಬಂತು. ಆ ದನಿ ನನಗೆ ಚೆನ್ನಾಗಿ ಗೊತ್ತು. ಗೆಳತಿಯರಿಗೆ ಪ್ರಾಕ್ಸಿ ಕೊಡಲು ಕಾಲೇಜಿನಲ್ಲಿ ನಾನೇ ತೆಗೆಯುತ್ತಿದ್ದ ದನಿ ಅದು.

"ನವೀನ್, ಯಾಕೆ ಪ್ರಾಕ್ಸಿ ಕೊಡ್ತಿದೀರ?"

"ಪಾಪ ಮೇಡಂ, ಮಡಿವಾಳದಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದಾನೆ. ಬರ್ತಾನೆ ಇದಾನೆ."

"ಬಂದ್ಮೇಲೆ ಹೇಳ್ಲಿ. ನನ್ನ ಹತ್ರ ಯಾರೂ ಯಾರ ಪರವಾಗೂ ಬಾಯಿ ಬಿಡಂಗಿಲ್ಲ, ಹೇಳಿದೀನಿ!"

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಹಿಗ್ಗಿ ಹೀರೇಕಾಯಿಯಾದಳು. "ನನ್ನ ಮಗಳು ಈಗ ಮ್ಯಾನೇಜರಿಗೇ ಅಟೆಂಡೆನ್ಸ್ ಹಾಕ್ತಾಳೆ" ಎಂಬ ಸುದ್ದಿ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟಿತು.

ದೀಪಾವಳಿ ಕಳೆಯಿತು. ಗುರುಪ್ರಸಾದ್ ಸಾರ್ ಕರೆದರು. ನಾನು ಹೊಸ ಚೂಡಿದಾರ ಹಾಕಿಕೊಂಡು ಹೋಗಿದ್ದೆ.

"ನಿಮ್ಮ ಕೆಲಸ ಚೆನ್ನಾಗಿದೆ ಸಹನಾ. ಆದ್ರೆ ಆಯುಧಪೂಜೆ ಆದ್ಮೇಲೆ ನೀವು ಒಂದು ದಿನಾನೂ ಆಫೀಸಿಗೆ ಬಂದಿಲ್ವಲ್ಲ?"

ನಾನು ನಕ್ಕೆ. ಅವರು ನಗಲಿಲ್ಲ.

"ಸಾರ್, ದಿನಾ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದು ನಾನೇ ಅಲ್ವಾ?"

"ನನಗೆ ಗೊತ್ತು. ಮುಂಬೈಗೆ ಗೊತ್ತಿಲ್ವಲ್ಲ. ನಿಮ್ಮ ಹೆಸರು ಕೂಗಿದ್ರಾ?"

ಕೂಗಿರಲಿಲ್ಲ. ಹೆಸರು ಕೂಗುವವರು ತಮ್ಮ ಹೆಸರನ್ನು ಕೂಗಿಕೊಳ್ಳುವುದನ್ನು ನಾನು ಯಾವ ಕ್ಲಾಸಿನಲ್ಲೂ ನೋಡಿರಲಿಲ್ಲ. ಕ್ಲಾಸಿಗೆ ಹೋಗಿದ್ದೇ ಕಡಿಮೆ ಎನ್ನುವುದು ಬೇರೆ ಮಾತು. ಇಡೀ ಬ್ರಾಂಚಿನ ಹಾಜರಿಯನ್ನು ಒಬ್ಬರದ್ದೂ ತಪ್ಪದಂತೆ ಕಾಪಾಡಿದ ನಾನು ಒಬ್ಬಳೇ ಗೈರುಹಾಜರಾಗಿದ್ದೆ! ಸಂಬಳ ಹೇಗೋ ಕೊಡಿಸುತ್ತೇನೆ, ಆದರೆ ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದುವರಿಯುತ್ತದೆ ಎಂದರು ಸಾರ್. ನನಗೆ ಅಳು ಬಂತು.

ಹೊರಗೆ ಬಂದು ನವೀನನ ಮೇಲೆ ರೇಗಿದೆ. "ನೀವಾದ್ರೂ ನನ್ನ ಹೆಸರು ಬಿಟ್ಟುಹೋಗಿದೆ ಅಂತ ಹೇಳಬಾರ್ದಿತ್ತಾ?"

"ಹೇಳೋಣ ಅಂತಾನೇ ಇದ್ದೆ ಮೇಡಂ. ಯಾರ ಪರವಾಗೂ ಬಾಯಿ ಬಿಡಂಗಿಲ್ಲ ಅಂದ್ರಲ್ಲ?"

ಮನೆಗೆ ಹೋದಾಗ ಅಮ್ಮ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದಳು. "ಏನಾಯ್ತೇ? ಪರ್ಮನೆಂಟಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಶಾರ್ಟೇಜ್ ಅಮ್ಮ."

ಅಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಮಾರನೇ ಬೆಳಿಗ್ಗೆ ನಾನು ಎಷ್ಟು ಬೇಡವೆಂದರೂ ಕೇಳದೆ, ಕಾಲೇಜಿಗೆ ಬರುವಾಗ ಉಡುತ್ತಿದ್ದ ಅದೇ ಮೈಸೂರು ಸಿಲ್ಕ್ ಸೀರೆ ಉಟ್ಟುಕೊಂಡು ನನ್ನ ಜೊತೆ ಬಸ್ ಹತ್ತಿದಳು. ಗುರುಪ್ರಸಾದ್ ಸಾರ್ ಮುಂದೆ ನಿಂತು, "ಈ ಸಲ ಒಂದು ಕ್ಷಮಿಸಿ ಸಾರ್, ಮುಂದಿನ ಸೆಮಿಸ್ಟರ್ ನಾನೇ ಕಳಿಸ್ತೀನಿ" ಎಂದಳು. ನಮ್ಮ ಆಫೀಸಿಗೆ ಪೋಷಕರನ್ನು ಕರೆತಂದ ಮೊದಲ ಉದ್ಯೋಗಿ ನಾನೇ ಎಂದು ರೇಖಾ ಮೇಡಂ ಆಮೇಲೆ ಖಚಿತಪಡಿಸಿದರು. ಸಾರ್ ಎದ್ದು ನಿಂತು ಕೈಮುಗಿದರು, ಕಾಫಿ ತರಿಸಿದರು. ಪ್ರೊಬೇಷನ್ ಮಾತ್ರ ಹಾಗೇ ಉಳಿಯಿತು.

ಅಮ್ಮನನ್ನು ಕಳಿಸಲು ಬಾಗಿಲ ಹತ್ತಿರ ಬಂದೆ. ಗೋಡೆಗೆ ಆಗಷ್ಟೇ ಹೊಸ ಮೆಷಿನ್ ಕೂರಿಸಿದ್ದರು. ಎಲ್ಲರ ಬೆರಳಚ್ಚನ್ನೂ ಅದರಲ್ಲಿ ದಾಖಲಿಸಿಯಾಗಿತ್ತು. ನಾನು ಒಳಗೆ ಕ್ಷಮೆ ಕೇಳುತ್ತಿದ್ದುದರಿಂದ ನನ್ನದು ಬಾಕಿಯಿತ್ತು. ಅದು ಗೊತ್ತಿಲ್ಲದೆ, ಅಮ್ಮನಿಗಾದರೂ ನನ್ನ ಹಾಜರಿ ಕೇಳಿಸಲಿ ಎಂದು ಗಾಜಿನ ಮೇಲೆ ಬೆರಳಿಟ್ಟೆ.

"ಪ್ಲೀಸ್ ಟ್ರೈ ಎಗೇನ್."

ಅಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿಯುತ್ತಾ ಹೇಳಿದಳು, "ನೋಡು, ಈ ಮೆಷಿನ್ ಬಂದು ಒಂದು ಗಂಟೆ ಆಗಿಲ್ಲ, ಅದಕ್ಕೂ ನಿನ್ನ ವಿಷಯ ಗೊತ್ತಾಗೋಯ್ತು."