ಹದಿನೈದನೆಯ ಕೋಟು

ಎಲ್ಲ ತಾಪತ್ರಯಕ್ಕೂ ಮೂಲ ಎರಡು ಬೆರಳು.

ಊರಿನ ಅತಿ ದೊಡ್ಡ ಹೋಟೆಲಿನ ಹದಿನಾಲ್ಕು ವೇಟರುಗಳಿಗೆ ಕೋಟು ಹೊಲಿಯುವ ಕೆಲಸ ಸಿಕ್ಕಾಗ ದರ್ಜಿ ಪ್ರತಿ ಕೋಟಿನ ಸುತ್ತಳತೆಯಲ್ಲಿ ಎರಡೇ ಎರಡು ಬೆರಳು ಕಡಿಮೆ ಮಾಡಿ ಕತ್ತರಿಸಿದ್ದ. ಹೆಚ್ಚೇನಲ್ಲ, ತೊಟ್ಟವನು ಉಸಿರನ್ನು ಸ್ವಲ್ಪ ಒಳಗೆಳೆದುಕೊಂಡರೆ ಸರಿಹೋಗುವಷ್ಟು. ಹದಿನಾಲ್ಕು ಜನರ ಉಸಿರು ಸೇರಿ ಮೇಜಿನ ಮೇಲೆ ಇಡೀ ಒಂದು ಕೋಟಿಗಾಗುವಷ್ಟು ಬೀಟ್‌ರೂಟ್ ಬಣ್ಣದ ಬಟ್ಟೆ ಉಳಿಯಿತು. "ಬಟ್ಟೆ ಸಾಲಲಿಲ್ಲ ಸಾರ್, ಹೇಗೋ ಹೊಂದಿಸಿದೀನಿ" ಎಂದು ಮ್ಯಾನೇಜರಿಗೆ ಹೇಳಿ, ಉಳಿದದ್ದರಲ್ಲಿ ತನಗೊಂದು ಕೋಟು ಹೊಲಿದುಕೊಂಡ. ತನ್ನ ಅಳತೆಯಲ್ಲಿ ಮಾತ್ರ ಒಂದು ಬೆರಳೂ ಕಡಿಮೆ ಮಾಡಲಿಲ್ಲ.

ಇಪ್ಪತ್ತು ವರ್ಷಗಳಿಂದ ಅವನ ಅಂಗಡಿಗೆ ಬಂದ ಯಾರ ಬಟ್ಟೆಯೂ ಸಾಲುತ್ತಿರಲಿಲ್ಲ. ಬೀದಿಯವರು ಅವನಿಗೆ 'ಸಾಲ್ದು ಮಾಸ್ಟರ್' ಎಂದೇ ಹೆಸರಿಟ್ಟಿದ್ದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರಲ್ಲ, ಆ ಮಾತು ತನಗೂ ಅನ್ವಯಿಸುತ್ತದೆಂದು ಅವನು ಒಪ್ಪುತ್ತಿರಲಿಲ್ಲ. ಮರ ಕೊಯ್ಯುವವನಿಗೆ ಹುಡಿ, ದರ್ಜಿಗೆ ತುಂಡು, ಅದರಲ್ಲೇನು ತಪ್ಪು ಎಂಬುದು ಅವನ ನ್ಯಾಯ.

ಈ ನ್ಯಾಯ ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಚೆನ್ನಾಗಿಯೇ ನಡೆಯಿತು.

ಅಂದು ಮಗಳು ಮೆಚ್ಚಿದ ಹುಡುಗನ ಮನೆಯವರ ಜೊತೆ ಮಧ್ಯಾಹ್ನದ ಊಟ. ಹುಡುಗ ಹಿಂದೊಮ್ಮೆ ತನ್ನ ತಾಯಿಯ ಬಟ್ಟೆ ಹೊಲಿಸಲು ಅಂಗಡಿಗೆ ಬಂದವನು, ಬಟ್ಟೆಯ ಜೊತೆ ಮನಸ್ಸನ್ನೂ ಅಲ್ಲೇ ಬಿಟ್ಟು ಹೋಗಿದ್ದ. ಅವನ ತಂದೆ ದೊಡ್ಡ ಬಟ್ಟೆ ವ್ಯಾಪಾರಿ. ತಂದೆ ತಾಯಿ ಇಬ್ಬರನ್ನೂ ದರ್ಜಿ ಇನ್ನೂ ನೋಡಿರಲಿಲ್ಲ.

"ರೀ, ಅವರು ಬಟ್ಟೆ ಬಲ್ಲವರು. ಆ ಹೊಸಾ ಕೋಟೇ ಹಾಕ್ಕೊಳ್ಳಿ" ಎಂದಳು ಹೆಂಡತಿ.

ದರ್ಜಿ ಸಂತೋಷದಿಂದಲೇ ಹಾಕಿಕೊಂಡ. ಒಳಗಿನ ಅಂಗಿಯೂ ಹೊಸದೇ. ಮುಂಭಾಗ, ಕಾಲರು, ತೋಳು ಅಪ್ಪಟ ಬಿಳಿ. ಬೆನ್ನಿಗೆ ಬಿಳಿ ತುಂಡು ಸಿಗದೆ ನೀಲಿ ಹೂವಿನ ತುಂಡು ಹಾಕಿದ್ದ. ಯಾರ ಬಟ್ಟೆಯ ತುಂಡೋ ನೆನಪಿರಲಿಲ್ಲ. ಕೋಟಿನೊಳಗಿನ ಬೆನ್ನನ್ನು ಯಾರು ನೋಡುತ್ತಾರೆ?

ಆಗ ಮಗಳ ಫೋನು ಬಂತು. ಅವಳು ಗೆಳತಿಯ ಮನೆಯಿಂದ ನೇರ ಬರುವವಳಿದ್ದಳು. ಹುಡುಗನ ತಂದೆ ಊಟಕ್ಕೆ ಆರಿಸಿದ ಜಾಗವನ್ನು ಅವಳು ಹೇಳಿದ ಕೂಡಲೇ ದರ್ಜಿ ಕುರ್ಚಿಯ ಮೇಲೆ ಕುಸಿದ. ಅದೇ ಹೋಟೆಲು!

"ಬೇರೆ ಕೋಟು ಎಲ್ಲಿದೆ?" ಎಂದ.

"ದರ್ಜಿ ಮನೇಲಿ ಎರಡನೇ ಕೋಟು ಎಲ್ಲಿಂದ ಬರತ್ತೆ? ಹಳೇದರ ಮೊಣಕೈ ಹರಿದು ವರ್ಷವಾಯ್ತು. ಹೊಲಿದು ಕೊಡಿ ಅಂದ್ರೆ ಪುರಸೊತ್ತಿಲ್ಲ ಅಂದ್ರಿ."

ಪಕ್ಕದ ಸಲೂನಿನವನು ಗೋಡೆಯಾಚೆಯಿಂದಲೇ ಎಲ್ಲವನ್ನೂ ಕೇಳಿಸಿಕೊಂಡು, ಕೈಯಲ್ಲಿ ಬಾಚಣಿಗೆ ಹಿಡಿದೇ ಒಳಗೆ ಬಂದ. ಮೂವತ್ತು ವರ್ಷದ ಗೆಳೆಯ. ಇನ್ನೊಬ್ಬರ ತಲೆಗೆ ಕೈ ಹಾಕುವುದು ಅವನ ಕಸುಬೂ ಹೌದು, ಚಟವೂ ಹೌದು.

"ಇಷ್ಟಕ್ಕೆಲ್ಲಾ ಹೆದರ್ತೀಯಾ? ಚಿನ್ನದ ಬಣ್ಣದ ಗುಂಡಿ ಕಿತ್ತು ಕಪ್ಪು ಗುಂಡಿ ಹಾಕು. ಮೀಸೆ ಬೋಳಿಸಿದ್ರೆ ಹೆತ್ತ ತಾಯಿಗೇ ಗುರುತು ಸಿಗಲ್ಲ, ಗುಂಡಿ ಬದಲಾದ್ರೆ ಕೋಟಿನ ಗುರುತು ಯಾರಿಗೆ ಸಿಗತ್ತೆ? ನಾನೂ ಬರ್ತೀನಿ, ಧೈರ್ಯಕ್ಕೆ."

ಧೈರ್ಯಕ್ಕಿಂತ ಹೆಚ್ಚಾಗಿ ಅವನು ಊಟಕ್ಕೆ ಬಂದ ಎಂಬುದು ಮುಂದೆ ಗೊತ್ತಾಯಿತು.

ಗುಂಡಿ ಬದಲಿಸಿ ಎಲ್ಲರೂ ಹೋಟೆಲು ತಲುಪಿದಾಗ ಮಗಳು ಮೊದಲೇ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಹೆಂಡತಿ ಮತ್ತು ಸಲೂನಿನವನು ಅಲ್ಲಿಗೆ ಹೋದರು. ದರ್ಜಿ ಮಾತ್ರ ಬಾಗಿಲ ಬಳಿ ಕಂಬದ ಮರೆಯಲ್ಲಿ ನಿಂತು ಮ್ಯಾನೇಜರ್ ಎಲ್ಲಿದ್ದಾರೆಂದು ಇಣುಕಿದ. ಒಳಗೆ ತನ್ನ ಹದಿನಾಲ್ಕು ಕೋಟುಗಳು ಓಡಾಡುತ್ತಿದ್ದುದನ್ನು ಮೊದಲ ಸಲ ಕಂಡ. ಓಡಾಡುತ್ತಿದ್ದವು ಎನ್ನುವುದೂ ತಪ್ಪೇ. ವೇಟರುಗಳು ಕೈ ಎತ್ತಲಾರರು, ಬಾಗಲಾರರು. ತಟ್ಟೆ ಇಡಬೇಕಾದರೆ ನೇರ ನಿಂತು, ಮೊಣಕಾಲು ಮಡಚಿ, ಇಡೀ ಮೈಯನ್ನೇ ಕೆಳಗಿಳಿಸುತ್ತಿದ್ದರು. ಅವನ ಕಣ್ಣೆದುರೇ ಒಬ್ಬನ ಗುಂಡಿ ಹಾರಿ ಗಿರಾಕಿಯ ಸೂಪಿನಲ್ಲಿ ಮುಳುಗಿತು. ಗಿರಾಕಿ ಅದನ್ನು ಚಮಚದಲ್ಲಿ ಎತ್ತಿ ಅಣಬೆಯೋ ಏನೋ ಎಂದು ಪರೀಕ್ಷಿಸಿದ. ದರ್ಜಿಗೆ ನಾಚಿಕೆಯಾಯಿತು.

ಆಗಲೇ ಒದ್ದೆ ಕೊಡೆಯೊಂದು ಅವನ ಕೈಗೆ ಬಂತು.

"ಇದನ್ನ ಎಲ್ಲಾದ್ರೂ ಇಡಪ್ಪಾ. ದರ್ಜಿ ಮನೆಯವರು ಕೂತಿರೋ ಟೇಬಲ್ ಯಾವುದು, ತೋರಿಸು" ಎಂದರು ಹೆಂಗಸೊಬ್ಬರು. ಪಕ್ಕದಲ್ಲಿ ಅವರ ಗಂಡ.

ಆಗಲಿರುವ ಬೀಗರು! "ನಾನೇ ಆ ದರ್ಜಿ" ಎನ್ನಬೇಕಿತ್ತು. ಮೂರೇ ಮಾತು. ಆದರೆ ಕೊಡೆ ಹಿಡಿದ ಕೈ, ಕೋಟಿನ ಬಣ್ಣ, ಅವರ ಆ "ಇಡಪ್ಪಾ" ಎಲ್ಲಾ ಸೇರಿ ಅವನ ತಲೆಯನ್ನು ತಾನಾಗಿಯೇ ಬಗ್ಗಿಸಿಬಿಟ್ಟವು. "ಬನ್ನಿ ಮೇಡಂ" ಎಂದ. ಒಮ್ಮೆ ಬಗ್ಗಿದ ತಲೆಯನ್ನು ಎತ್ತಲು ಒಂದು ನೆಪ ಬೇಕು. ಆ ನೆಪ ಅವನಿಗೆ ಸಿಗಲೇ ಇಲ್ಲ.

ಬೀಗಿತ್ತಿಯ ಪಕ್ಕದಲ್ಲಿ ನಡೆಯುವಾಗ ಇನ್ನೊಂದು ಆಘಾತ ಕಾದಿತ್ತು. ಆಕೆ ತೊಟ್ಟಿದ್ದ ನಿಲುವಂಗಿಯಲ್ಲಿ ನೀಲಿ ಹೂಗಳಿದ್ದವು. ಅವೇ ಹೂಗಳು. ದರ್ಜಿಯ ಬೆನ್ನು ತಣ್ಣಗಾಯಿತು.

ಹೆಂಡತಿ ಅವನನ್ನೂ ಕೊಡೆಯನ್ನೂ ನೋಡಿ ಬಾಯಿ ತೆರೆದಳು. ದರ್ಜಿ ಕಣ್ಣಲ್ಲೇ ಬೇಡಿಕೊಂಡ. ಹೆಂಡತಿ ಬಾಯಿ ಮುಚ್ಚಿದಳು. ಮಗಳ ಮುಖ ಕೆಂಪಾಯಿತು.

"ನಿಮ್ಮ ಮನೆಯವರು ಎಲ್ಲಿ?" ಎಂದರು ಬೀಗರು ಕೂರುತ್ತಾ.

"ಈಗ... ಇಲ್ಲೇ... ಬರ್ತಾರೆ" ಎಂದಳು ಹೆಂಡತಿ.

"ಯಾರೋ ದೊಡ್ಡ ಅಧಿಕಾರಿ ಅರ್ಜೆಂಟಾಗಿ ಅಳತೆ ತಗೋಳಿ ಅಂತ ಕರೆಸಿದ್ರು ಸಾರ್. ಅವನ ಕೈಗೆ ಅಷ್ಟು ಬೇಡಿಕೆ!" ಎಂದು ಸಲೂನಿನವನು ನಡುವೆ ಬಾಯಿ ಹಾಕಿದ. ಆಮೇಲೆ ದರ್ಜಿಯ ಕಡೆ ತಿರುಗಿ, "ಏನಯ್ಯಾ ನಿಂತಿದೀಯಾ? ನೀರು ತಗೊಂಡು ಬಾ. ತಣ್ಣಗಿರೋದು!" ಎಂದ. ಮೂವತ್ತು ವರ್ಷದಲ್ಲಿ ಅವನಿಗೆ ಇಂಥ ಅವಕಾಶ ಸಿಕ್ಕಿರಲಿಲ್ಲ.

ದರ್ಜಿ ನೀರು ತಂದ. ಸೂಪು ತಂದ. ಅಡುಗೆಮನೆಯವರು ಕೋಟು ನೋಡಿ ಪ್ರಶ್ನೆ ಕೇಳದೆ ಕೈಗೆ ತಟ್ಟೆ ಕೊಡುತ್ತಿದ್ದರು. ಕೈ ಎತ್ತಬಲ್ಲ ವೇಟರ್ ಅವನೊಬ್ಬನೇ ಆದ್ದರಿಂದ ಬೇರೆ ಮೇಜಿನವರೂ ಅವನನ್ನೇ ಕರೆಯತೊಡಗಿದರು.

ಕಾರು ನಿಲ್ಲಿಸಿ ಒಳಗೆ ಬಂದು ಕೂತ ಹುಡುಗ, ತನ್ನ ಮುಂದೆ ಸೂಪಿನ ಬಟ್ಟಲು ಇಡುತ್ತಿದ್ದವನ ಮುಖ ನೋಡಿ ದಡಕ್ಕನೆ ಎದ್ದು ನಿಂತ.

"ಯಾಕೋ ಎದ್ದೆ? ವೇಟರಿಗೆ ಯಾರಾದ್ರೂ ಎದ್ದು ನಿಲ್ತಾರಾ?" ಎಂದರು ತಾಯಿ.

"ಗೌ... ಗೌರವ ಅಮ್ಮಾ. ಎಲ್ಲಾ ಕೆಲಸಕ್ಕೂ ಗೌರವ ಕೊಡ್ಬೇಕು" ಎಂದು ತೊದಲಿ ಹುಡುಗ ಕೂತ. ಬಿಸಿ ತುಪ್ಪದಂಥ ಸತ್ಯ, ನುಂಗಲೂ ಆಗದು, ಉಗುಳಲೂ ಆಗದು. ಅವನು ಸೂಪನ್ನೇ ಮುಟ್ಟಲಿಲ್ಲ. ಸಲೂನಿನವನು ಅದನ್ನೂ ತನ್ನ ಕಡೆ ಎಳೆದುಕೊಂಡ.

ಮಳೆ ನಿಂತು ಬೀಗರ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. "ಆ ಪರದೆ ಎಳಿಯಪ್ಪಾ" ಎಂದರು. ಹಸಿರು ಪರದೆ, ಹಳದಿ ಅಂಚು. ಹೋದ ವರ್ಷ ತಾನೇ ಹೊಲಿದದ್ದು. ದರ್ಜಿ ಎರಡೂ ಕಡೆಯಿಂದ ಎಳೆದ. ನಡುವೆ ಒಂದೂವರೆ ಗೇಣು ಜಾಗ ಹಾಗೇ ಉಳಿಯಿತು.

"ಇದೇನು ಸೇರೋದೇ ಇಲ್ವಲ್ಲ" ಎಂದರು ಬೀಗರು.

"ಬಟ್ಟೆ ಸಾಲಲಿಲ್ವಂತೆ ಸಾರ್" ಎಂದ ಪಕ್ಕದಲ್ಲಿದ್ದ ನಿಜವಾದ ವೇಟರ್.

ಆ ಒಂದೂವರೆ ಗೇಣು ಎಲ್ಲಿಗೆ ಹೋಯಿತೆಂದು ದರ್ಜಿಗೆ ಗೊತ್ತಿತ್ತು. ಈಗ ಅದನ್ನು ನೆನೆಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಮೇಜಿನಲ್ಲಿ ಮಾತು ಅವನ ಮೇಲೆಯೇ ನಡೆದಿತ್ತು. "ಇದು ನಿಮ್ಮವರೇ ಹೊಲಿದಿದ್ದು" ಎಂದು ಬೀಗಿತ್ತಿ ನಿಲುವಂಗಿ ತೋರಿಸಿದರು. "ಹೊಲಿಗೆ ಚೆನ್ನಾಗಿದೆ. ಆದ್ರೆ ತೋಳು ಮಣಿಕಟ್ಟಿನವರೆಗೆ ಬೇಕು ಅಂದಿದ್ದೆ, ಮೊಣಕೈಗೇ ನಿಂತುಬಿಡ್ತು. ಬಟ್ಟೆ ಸಾಲಲಿಲ್ಲ ಅಂದ್ರಂತೆ. ಇರ್ಬಹುದು, ನಾನೇ ಕಡಿಮೆ ಕೊಟ್ಟಿರ್ಬೇಕು."

"ಅಪ್ಪ ಸುಳ್ಳು ಹೇಳೋರಲ್ಲ ಆಂಟಿ" ಎಂದಳು ಮಗಳು. ಅವಳ ದನಿಯಲ್ಲಿ ಹಠವಿತ್ತು. "ಗಿರಾಕಿ ಬಟ್ಟೆ ಅಂದ್ರೆ ಬೆಂಕಿ ಇದ್ದ ಹಾಗೆ, ಮುಟ್ಟಬಾರದು ಅಂತಾರೆ. ನನಗೆ ಹುಟ್ಟುಹಬ್ಬಕ್ಕೆ ಒಂದು ಶಾಲು ಕೊಟ್ರು, ಅದನ್ನೂ ಅಂಗಡಿಯಿಂದ ಕೊಂಡು ತಂದ್ರು. ದರ್ಜಿ ಆಗಿದ್ರೂ!"

ಮಾತು ಬೀಗಿತ್ತಿಗೆ, ಕಣ್ಣು ಮಾತ್ರ ತಟ್ಟೆ ಹಿಡಿದು ನಿಂತ ಅಪ್ಪನ ಮೇಲೆ. ಅವಳು ತನ್ನ ಪರವಾಗಿ ನಿಂತಿದ್ದಾಳೆ! ದರ್ಜಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಇಪ್ಪತ್ತು ವರ್ಷದ ನ್ಯಾಯವೆಲ್ಲಾ ಆ ಒಂದು ನೋಟದ ಮುಂದೆ ನಿಲ್ಲಲಾರದೆ ಹೋಯಿತು. ಖಾಲಿ ತಟ್ಟೆಗಳನ್ನು ಎತ್ತಿಕೊಂಡು ತಿರುಗಿದ.

ಎದುರಿಗೆ ಮ್ಯಾನೇಜರ್.

"ನಿಲ್ಲು" ಎಂದರು ಅವರು. ಅವನ ಸುತ್ತ ಒಂದು ಸುತ್ತು ಬಂದರು. "ನಿನ್ನ ಕೋಟು ಯಾಕೆ ಸರಿಯಾಗಿದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ದರ್ಜಿಯ ಕೈ ತಾನಾಗಿಯೇ ಕಪ್ಪು ಗುಂಡಿಗಳ ಮೇಲೆ ಹೋಯಿತು.

"ನನ್ನಲ್ಲಿರೋದು ಹದಿನಾಲ್ಕು ಜನ. ಹದಿನಾಲ್ಕು ಜನಕ್ಕೂ ಉಸಿರಾಡೋಕೆ ಆಗ್ತಿಲ್ಲ. ನೀನು ಹದಿನೈದನೆಯವನು, ಆರಾಮಾಗಿದೀಯಾ!" ಮ್ಯಾನೇಜರ್ ಹತ್ತಿರ ಬಂದು ಮುಖ ನೋಡಿದರು. "ಅರೆ! ನೀವು... ನಮ್ಮ ದರ್ಜಿ ಅಲ್ವಾ?"

ಕಿಟಕಿ ಪಕ್ಕದ ಮೇಜಿನವರೆಲ್ಲಾ ಇತ್ತ ತಿರುಗಿದರು. ಸಲೂನಿನವನ ಚಮಚ ಕೂಡ ಅರ್ಧ ದಾರಿಯಲ್ಲಿ ನಿಂತಿತು.

"ದರ್ಜಿಯಾ?" ಎಂದರು ಬೀಗಿತ್ತಿ. "ಹಾಗಾದ್ರೆ ನಾನು ಕೊಡೆ ಕೊಟ್ಟಿದ್ದು..."

ಬೀಗರು ನಿಧಾನವಾಗಿ ಎದ್ದು ಬಂದು ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಬಟ್ಟೆ ಬಲ್ಲವರು. ಅವರಿಗೆ ಎಲ್ಲಾ ಅರ್ಥವಾಯಿತೆಂದು ದರ್ಜಿಗೆ ಆ ಬೆರಳುಗಳಿಂದಲೇ ತಿಳಿಯಿತು. ಕಣ್ಣು ಮುಚ್ಚಿಕೊಂಡ.

"ಮ್ಯಾನೇಜರೇ," ಎಂದರು ಬೀಗರು, "ಕೋಟು ಬಿಗಿ ಆಯ್ತು, ಸಡಿಲಿಸೋಕೆ ಇದೇ ಬಟ್ಟೆ ಇನ್ನಷ್ಟು ಬೇಕು ಅಂತ ನೀವು ನನ್ನ ಅಂಗಡಿಗೆ ಬಂದಿದ್ರಲ್ಲ? ಮಿಲ್‌ನವರು ಈ ಬಣ್ಣ ನಿಲ್ಲಿಸಿದಾರೆ ಅಂದಿದ್ದೆ. ಕೊನೇ ತುಂಡು ಎಲ್ಲೋ ಹುಡುಕಿ ನಮ್ಮ ಬೀಗರು ತಂದಿದಾರೆ. ಕೋಟು ಹೇಗೆ ಕೂರ್ಬೇಕು ಅಂತ ತೋರಿಸೋಕೆ ತಾವೇ ಹಾಕ್ಕೊಂಡು, ಬಡಿಸಿ, ಬಗ್ಗಿ ಪರೀಕ್ಷೆ ಮಾಡ್ತಿದಾರೆ. ಇದನ್ನ ಬಿಚ್ಚಿ ನಿಮ್ಮ ಹದಿನಾಲ್ಕೂ ಕೋಟಿಗೆ ಕಂಕುಳಲ್ಲಿ ಪಟ್ಟಿ ಕೊಡ್ತಾರೆ. ಪುಕ್ಕಟೆ. ಅಲ್ವಾ ಬೀಗರೇ?"

"ಹೌ... ಹೌದು" ಎಂದ ದರ್ಜಿ. ಬೀಗರೇ ಎಂದರಲ್ಲ! ಮಗಳ ಮದುವೆ ಉಳಿಯಿತು, ಮಾನವೂ ಉಳಿಯಿತು. ಆ ಮನುಷ್ಯನ ಕಾಲು ಹಿಡಿಯಬೇಕೆನಿಸಿತು. ಇನ್ನು ಮೇಲೆ ಒಂದು ನೂಲೂ ಮುಟ್ಟುವುದಿಲ್ಲ ಎಂದು ಅಲ್ಲೇ ನಿಂತು ಮನಸ್ಸಿನಲ್ಲಿ ಆಣೆ ಇಟ್ಟ.

ಮ್ಯಾನೇಜರ್ ಕೈ ಮುಗಿದರು. "ಎಂಥ ಕಾಳಜಿ ಸಾರ್! ಹಾಗಾದ್ರೆ ಈಗಲೇ ಕೋಟು ಕೊಟ್ಬಿಡಿ, ಜೋಪಾನವಾಗಿ ಇಟ್ಟಿರ್ತೀನಿ."

"ನಾಳೆ ತರ್ತೀನಿ" ಎಂದು ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ.

"ನಾಳೆ ಯಾಕಯ್ಯಾ? ಶುಭಕಾರ್ಯಕ್ಕೆ ತಡ ಮಾಡ್ಬಾರ್ದು" ಎನ್ನುತ್ತಾ ಸಲೂನಿನವನು ಹಿಂದಿನಿಂದ ಬಂದು, ಗಿರಾಕಿಯ ಕೊರಳಿನ ಬಟ್ಟೆ ತೆಗೆಯುವ ಕೈಚಳಕದಿಂದ ಕೋಟನ್ನು ಒಂದೇ ಎಳೆತಕ್ಕೆ ಕಳಚಿಬಿಟ್ಟ.

ದರ್ಜಿಯ ಬೆನ್ನು ಮೇಜಿನ ಕಡೆಗಿತ್ತು.

ಬೀಗಿತ್ತಿ ಆ ನೀಲಿ ಹೂಗಳನ್ನು ನೋಡಿದರು. ತಮ್ಮ ಮೊಣಕೈಯನ್ನು ನೋಡಿಕೊಂಡರು. ಮತ್ತೆ ಬೆನ್ನು ನೋಡಿದರು. ಆಮೇಲೆ ಗಂಡನಿಗೆ ಮೆಲ್ಲನೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ರೀ, ನನ್ನ ಎರಡೂ ತೋಳು ಅಲ್ಲಿವೆ."

ಈ ಸಲ ಬೀಗರು ಬಟ್ಟೆಯನ್ನು ಮುಟ್ಟಿ ನೋಡಬೇಕಾಗಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಮಗಳು ಎದ್ದು ಬಂದಳು. ಅಪ್ಪ ಎಲ್ಲರ ಮುಂದೆ ಹಾಗೆ ನಿಂತಿರುವುದನ್ನು ಅವಳಿಗೆ ನೋಡಲಾಗಲಿಲ್ಲ. ಕೈಚೀಲದಿಂದ ತನ್ನ ಹುಟ್ಟುಹಬ್ಬದ ಶಾಲು ತೆಗೆದು ಅವನ ಬೆನ್ನಿನ ಮೇಲೆ ಹೊದಿಸಿದಳು.

"ಬೇಡಮ್ಮಾ! ಅದು ಬೇಡ" ಎಂದು ದರ್ಜಿ ಪಿಸುಗುಟ್ಟಿದ.

"ಸುಮ್ನಿರಿ ಅಪ್ಪಾ."

ಹಸಿರು ಶಾಲು, ಹಳದಿ ಅಂಚು. ಮ್ಯಾನೇಜರ್ ಶಾಲನ್ನು ನೋಡಿದರು. ಕಿಟಕಿಯ ಕಡೆ ತಿರುಗಿದರು. ಪರದೆಗಳ ನಡುವಿನ ಆ ಒಂದೂವರೆ ಗೇಣು ಸಂದಿಯಿಂದ ಬಿಸಿಲು ನೇರ ಬಂದು ಶಾಲಿನ ಅಂಚಿನ ಮೇಲೇ ಬಿದ್ದಿತ್ತು. ಮಗಳು ಅವರ ಕಣ್ಣು ಹೋದ ಕಡೆಗೆಲ್ಲಾ ನೋಡಿದಳು. ಪರದೆ ನೋಡಿದಳು, ಶಾಲು ನೋಡಿದಳು, ಕೊನೆಗೆ ಅಪ್ಪನನ್ನು ನೋಡಿದಳು.

"ಅಪ್ಪಾ, ಕೊಂಡು ತಂದೆ ಅಂದಿದ್ರಿ" ಎಂದಳು.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಶಾಲನ್ನು ಕಿತ್ತುಕೊಳ್ಳಲೂ ಇಲ್ಲ. ತುಟಿ ಕಚ್ಚಿಕೊಂಡು, ಹೂಗಳು ಕಾಣದ ಹಾಗೆ ಅದನ್ನು ಎಡಕ್ಕೆ ಎಳೆದಳು. ಬಲಗಡೆಯ ಹೂಗಳು ಕಾಣಿಸಿದವು. ಬಲಕ್ಕೆ ಎಳೆದಳು. ಎಡಗಡೆಯವು ಕಾಣಿಸಿದವು. ಮತ್ತೆ ಎಡಕ್ಕೆ ಎಳೆದಳು.

ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ, ಬಟ್ಟೆ ನಿಜವಾಗಿಯೂ ಸಾಲಲಿಲ್ಲ.